ಬಿಳಿ ಕಾಗದದ ಸೋಪು

ಮನೆಯಿಂದ,
ಬುಧವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ ಮೂರೂಕಾಲು ಗಂಟೆ

ಪ್ರೀತಿಯ ಮರೀ,

ಹಾಲು ಉಕ್ಕುತ್ತಿದೆ ಎಂದು ನಿನ್ನೆ ನಾನು ಫೋನ್ ಇಟ್ಟೆನಲ್ಲ, ಮನೆಯಲ್ಲಿ ಹಾಲೇ ಇರಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ಬಾಯಿಗೆ ಬರಲಿಲ್ಲ, ಹಾಗಾಗಿ ಇಲ್ಲದ ಹಾಲನ್ನು ಉಕ್ಕಿಸಿಬಿಟ್ಟೆ. ಆಮೇಲೆ ಒಲೆಯ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತೂ ಬಂದೆ. ಹೇಳಿದ ಸುಳ್ಳಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ಲ. ಅರ್ಧಕ್ಕೆ ನಿಂತ ಆ ಮಾತನ್ನು ಈಗ ಕಾಗದದಲ್ಲಿ ಮುಂದುವರಿಸುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ‘ಅಪ್ಪಾ, ವಿಷಯಕ್ಕೆ ಬಾ’ ಎನ್ನುತ್ತೀಯ, ವಿಷಯಕ್ಕೆ ಬರುವ ದಾರಿಯೇ ನನಗೆ ತಪ್ಪಿಹೋಗುತ್ತದೆ.

ಮೊದಲು ನಿನ್ನ ಕುತ್ತಿಗೆ ನೋವು ಹೇಗಿದೆ ಹೇಳು. ಕಂಪ್ಯೂಟರಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಎತ್ತರ ಮಾಡಿಕೋ ಎಂದಿದ್ದೆ, ಮಾಡಿಕೊಂಡೆಯಾ? ಅರ್ಥಶಾಸ್ತ್ರದ ಪುಸ್ತಕಗಳನ್ನು ಇಷ್ಟು ದಪ್ಪ ಯಾಕೆ ಬರೆಯುತ್ತಾರೆ ಎಂದು ಕಾಲೇಜಿನಲ್ಲಿದ್ದಾಗ ಯೋಚಿಸುತ್ತಿದ್ದೆ, ಇಂಥದ್ದಕ್ಕೇ ಇರಬೇಕು. ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯಲು ಹೇಳು, ಆದರೆ ನಾನು ಹೇಳಿದೆ ಎಂದು ಹೇಳಬೇಡ. ಮಾವ ಹೇಳಿದನೆಂದರೆ ಯಾವ ಗಂಡಸಾದರೂ ತಣ್ಣೀರೇ ಕುಡಿಯುತ್ತಾನೆ. ನಾನು ಚೆನ್ನಾಗಿದ್ದೇನೆ. ಬಲಮೊಣಕಾಲು ಬೆಳಿಗ್ಗೆ ಎದ್ದಾಗ ಮುನಿಸಿಕೊಂಡಿರುತ್ತದೆ, ಹತ್ತು ಹೆಜ್ಜೆ ನಡೆಸಿದರೆ ರಾಜಿಗೆ ಬರುತ್ತದೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೇನೆ. ಒಬ್ಬನಿಗೆ ಅಡುಗೆ ಮಾಡುವುದರಲ್ಲಿ ಕಷ್ಟ ಅಡುಗೆಯದ್ದಲ್ಲ, ಅಳತೆಯದ್ದು. ಯಾವ ಪಾತ್ರೆ ತೆಗೆದರೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ. ನಿನ್ನಮ್ಮ ಹೋಗಿ ಆರು ವರ್ಷವಾಯಿತು, ಕೈಗೆ ಇನ್ನೂ ಅದು ತಿಳಿದಿಲ್ಲ.

ಸುದ್ದಿ ಎಂದರೆ, ಮೂಲೆಯ ಔಷಧಿ ಅಂಗಡಿಯಾಕೆ ಹಿರಿಯರಿಗೆಂದು ಹೊಸ ಕಾರ್ಡು ಮಾಡಿಸಿದ್ದಾಳೆ. ಕಾರ್ಡು ತೋರಿಸಿದರೆ ರಿಯಾಯಿತಿಯಂತೆ. ಹದಿನೈದು ದಿನದಿಂದ ಹಿಂದೆ ಬಿದ್ದಿದ್ದಾಳೆ, ನಾನು ಬೇಡ ಎನ್ನುತ್ತಿದ್ದೇನೆ. ಇಪ್ಪತ್ತಾರು ವರ್ಷ ಜನರ ಮನೆ ಬಾಗಿಲಿಗೆ ಹೋಗಿ ‘ಏನು ಕೊಳ್ಳುತ್ತೀರಿ, ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತೀರಿ’ ಎಂದು ಕೇಳಿ ಬರೆದುಕೊಂಡವನು ನಾನು. ಅದೇ ವಿಷಯವನ್ನು ಒಂದು ಕಾರ್ಡು ಬಿಸಿಲಲ್ಲಿ ನಡೆಯದೆ, ಬಾಗಿಲು ತಟ್ಟದೆ ಹೇಗೆ ಎಳೆದುಕೊಳ್ಳುತ್ತದೆ ಎಂದು ನನಗೆ ತಿಳಿಯದೇ? ನಾವು ಕೇಳಿದರೆ ಜನ ಒಂದು ಲೋಟ ನೀರಾದರೂ ಕೊಟ್ಟು ಮಾತಾಡುತ್ತಿದ್ದರು. ಹೀಗೆಂದರೆ ಅವಳಿಗೆ ನಗು. ‘ನಿಮ್ಮ ಗ್ಯಾಸಿನ ಮಾತ್ರೆ ಗುಟ್ಟು ಯಾರಿಗೆ ಬೇಕು ಅಜ್ಜ’ ಎನ್ನುತ್ತಾಳೆ. ಇರಲಿ, ನೋಡಿದೆಯಾ, ವಿಷಯದ ಸುತ್ತಲೇ ತಿರುಗುತ್ತಿದ್ದೇನೆ.

ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸಿದ್ದ ಒಂದು ಸಾಲು ಇವತ್ತಿಗೂ ನಾಲಿಗೆಯ ಮೇಲಿದೆ: ‘ಐ ಬೆಗ್ ಟು ಸಬ್ಮಿಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್’ ಏನೋ ಒಂದು. ಕೊನೆಯ ಮಾತು ಬಿದ್ದುಹೋಗಿದೆ. ಕೈಂಡ್ ಎಂಬ ದಯೆಯೊಂದು ಇದ್ದರೆ ನನಗೆ ಸಾಕು. ಮೂವತ್ತೆರಡು ವರ್ಷದ ಹಿಂದೆ ನಮ್ಮ ಸರ್ವೆ ಕಂಪನಿಯವರು ಮನೆಮನೆಗೆ ಹೋಗಿ ತುಂಬಿದ ಫಾರಂಗಳ ಕಾಗದ ಎಂದೋ ರದ್ದಿಗೆ ಹೋಯಿತು, ಕಂಪನಿಯೂ ಮುಚ್ಚಿತು. ಆಗ ಕಂಪ್ಯೂಟರಿಗೆ ಹತ್ತಿಸಿದ್ದ ಅಂಕಿಗಳು ಮಾತ್ರ ಉಳಿದಿವೆ, ಜೊತೆಗೆ ‘ಇತರೆ ಕಾರಣ’ ಎಂಬ ಕಾಲಂನಲ್ಲಿ ಬರೆದಿದ್ದ ಒಂದೊಂದು ಸಾಲು. ಅದು ನಿನ್ನ ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಸಿಕ್ಕಿ, ಅಂದಿನ ಸಂಸಾರಗಳು ಹೇಗೆ ಕೊಳ್ಳುತ್ತಿದ್ದವು, ಇಂದಿನವು ಹೇಗೆ ಎಂದು ನೀನು ಥೀಸಿಸ್ ಬರೆಯುತ್ತಿದ್ದೀಯ. ಪ್ರಶ್ನೆ ಕೇಳಲು ಹೋದ ಬೇರೆಲ್ಲರೂ ‘ಇತರೆ ಕಾರಣ’ವನ್ನು ಖಾಲಿ ಬಿಟ್ಟಿದ್ದಾರೆ, ಹದಿನೇಳನೇ ನಂಬರಿನವರೊಬ್ಬರು ಮಾತ್ರ ನಲವತ್ತೊಂದು ಮನೆಗಳಲ್ಲೂ ಹೆಂಗಸರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದಾರೆ, ಐದನೇ ಅಧ್ಯಾಯ ನಿಂತಿರುವುದೇ ಆ ಸಾಲುಗಳ ಮೇಲೆ ಎಂದು ನಿನ್ನೆ ನೀನು ಹೇಳಿದೆ. ಇಪ್ಪತ್ತೈದಕ್ಕೆ ಸಲ್ಲಿಸಬೇಕು, ಅದರೊಳಗೆ ಆ ಪುಣ್ಯಾತ್ಮರ ಹೆಸರು ಹುಡುಕಿಕೊಡು, ಮುನ್ನುಡಿಯಲ್ಲಿ ವಂದನೆ ಹೇಳಬೇಕು ಎಂದೆ. ಹಾಲು ಉಕ್ಕಿದ್ದು ಆಗ. ಮರೀ, ಹದಿನೇಳನೇ ನಂಬರು ನಾನು. ಇಷ್ಟೇ ಆಗಿದ್ದರೆ ನಿನ್ನೆಯೇ ಎದೆಯುಬ್ಬಿಸಿ ಹೇಳುತ್ತಿದ್ದೆ. ಆ ನಲವತ್ತೊಂದರಲ್ಲಿ ಹತ್ತೊಂಬತ್ತು ಫಾರಂಗಳನ್ನು ನಾನು ಯಾವ ಬಾಗಿಲೂ ತಟ್ಟದೆ, ನಮ್ಮ ಅಡುಗೆಮನೆಯಲ್ಲಿ ಕೂತು ತುಂಬಿದೆ. ಅವು ಸುಳ್ಳು ಫಾರಂಗಳು.

ಬರೆದಾಯಿತು. ಈಗ ಒಂದು ಲೋಟ ನೀರು ಕುಡಿದು ಬಂದೆ.

ನಿನಗೆ ಸಿದ್ಧಾಂತ ಗೊತ್ತು, ಆ ಕಾಲದ ಬೀದಿ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ, ತಾಳ್ಮೆಯಿಂದ ಓದು. ನಕ್ಷೆಯಲ್ಲಿ ಗುರುತು ಮಾಡಿಕೊಟ್ಟ ಕಟ್ಟಡದ ಮುಂದೆ ನಿಂತು, ಗೋಡೆ ಸದಾ ಬಲಗೈ ಪಕ್ಕಕ್ಕೇ ಇರುವ ಹಾಗೆ ನಡೆಯಬೇಕು. ಪ್ರತಿ ಮೂರನೇ ಬಾಗಿಲು ನಮ್ಮದು. ಎರಡನೆಯ ಮನೆಯಾಕೆ ಎಷ್ಟೇ ನಗುತ್ತ ಕರೆದರೂ ಹೋಗುವಂತಿಲ್ಲ, ಮೂರನೆಯ ಮನೆಯಾಕೆ ಎಷ್ಟೇ ಮುಖ ಗಂಟಿಕ್ಕಿದರೂ ಬಿಡುವಂತಿಲ್ಲ. ಮನೆಗೆ ಬೇಕಾದ್ದನ್ನು ಕೊಳ್ಳುವ ಹೆಂಗಸನ್ನೇ ಕೇಳಬೇಕು. ಬಾಗಿಲು ಹಾಕಿದ್ದರೆ ಮೂರು ಸಲ ವಾಪಸು ಹೋಗಬೇಕು. ಮೊದಲ ಪ್ರಶ್ನೆಯೇ ವಯಸ್ಸು. ಒಬ್ಬಳು ಮೂವತ್ತು ಎನ್ನುತ್ತಿದ್ದಳು, ಇನ್ನೊಬ್ಬಳು ಮೂವತ್ತೈದು, ಮತ್ತೊಬ್ಬಳು ‘ನೀವೇ ಒಂದು ಹಾಕ್ಕೊಳ್ಳಿ’ ಎಂದು ಒಳಗೆ ನೋಡುತ್ತಿದ್ದಳು. ನೋಡಿದರೆ ನಲವತ್ತಾದಂತಿದ್ದರೂ ನಾನು ಮೂವತ್ತೈದು ಹಾಕುತ್ತಿದ್ದೆ, ಖುಷಿಪಡಲಿ ಎಂದು. ನಾನು ತಿರುಗಿದ ಬೀದಿಗಳಲ್ಲಿ ಯಾವ ಹೆಂಗಸಿಗೂ ಮೂವತ್ತೆರಡು ಮೂವತ್ತೇಳು ಆದದ್ದೇ ಇಲ್ಲ. ಐದು ವರ್ಷಕ್ಕೊಮ್ಮೆ ಎಲ್ಲರಿಗೂ ಒಟ್ಟಿಗೆ ವಯಸ್ಸಾಗುತ್ತಿತ್ತು. ಉಳಿದ ಪ್ರಶ್ನೆಗಳಿಗೆಲ್ಲ ಸೊಪ್ಪು ಬಿಡಿಸುತ್ತಲೋ ಮಗುವಿಗೆ ತಲೆ ಬಾಚುತ್ತಲೋ ಪಟಪಟ ಉತ್ತರ ಹೇಳಿಬಿಡುವರು. ಹದಿನಾಲ್ಕನೇ ಪ್ರಶ್ನೆಗೆ ಮಾತ್ರ ಕೈ ನಿಲ್ಲುತ್ತಿತ್ತು: ‘ಬೆಲೆಯ ಚಿಂತೆ ಇಲ್ಲದಿದ್ದರೆ ಯಾವ ಸೋಪು ಕೊಳ್ಳುತ್ತೀರಿ?’ ಕೆಲವರು ನಕ್ಕುಬಿಡುವರು, ಕೆಲವರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿ ಹೇಳುವರು. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ಗುಟ್ಟೇ ಎಂದು ನನಗೆ ಆಶ್ಚರ್ಯ.

ಸೋಪು ಎಂದಾಗ ನಮ್ಮ ಮನೆಯ ಸೋಪು ನೆನಪಾಯಿತು. ಮಾರುಕಟ್ಟೆಗೆ ಇನ್ನೂ ಬಾರದ ಸೋಪುಗಳನ್ನು ಹೆಂಗಸರಿಗೆ ಕೊಟ್ಟು ಅಭಿಪ್ರಾಯ ಕೇಳುವುದೂ ನಮ್ಮ ಕೆಲಸವೇ. ಹೆಸರು ನೋಡಿ ಮನಸ್ಸು ವಾಲಬಾರದೆಂದು ಬಿಳಿ ಕಾಗದದಲ್ಲಿ ಸುತ್ತಿ, ಮೇಲೊಂದು ನಂಬರು ಹಾಕಿರುತ್ತಿದ್ದರು. ಮಿಕ್ಕದ್ದನ್ನು ಆಫೀಸಿನವರು ನಮಗೇ ಹಂಚುತ್ತಿದ್ದರು. ನಿನಗೆ ನೆನಪಿರಬಹುದು, ‘ಇವತ್ತು ನಾನೂರ ಹನ್ನೆರಡಾ, ನಾನೂರ ಮೂವತ್ತಾ’ ಎಂದು ಕೇಳಿ ಸ್ನಾನಕ್ಕೆ ಹೋಗುತ್ತಿದ್ದವಳು ನೀನು. ‘ಎಲ್ಲರ ಮನೇಲಿ ಸೋಪಿಗೆ ಹೆಸರಿರುತ್ತೆ, ನಮ್ಮನೇಲಿ ಕೈದಿಗಳ ಥರ ನಂಬರು’ ಎಂದು ನಿನ್ನಮ್ಮ ಹಾಸ್ಯ ಮಾಡುತ್ತಿದ್ದಳು. ಹನ್ನೊಂದು ವರ್ಷ ನಮ್ಮ ಮನೆಗೆ ಮೈಸೋಪು ಕೊಂಡು ತಂದದ್ದಿಲ್ಲ. ಸಂಸಾರ ತೂಗಿಸುವುದು ಎಂದರೆ ಇದು ಎಂದು ನನಗೊಂದು ಹೆಮ್ಮೆ.

ಆ ಸಲ ನನಗೆ ಬಂದದ್ದು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದ ಮೂರಂತಸ್ತಿನ ಬಾಡಿಗೆ ಮನೆಗಳ ಸಾಲು, ಬಟ್ಟೆ ಗಿರಣಿಯವರು ಇದ್ದದ್ದು. ಹತ್ತಿರವೇ ಬಂತಲ್ಲ ಎಂದು ಕುಣಿಯುತ್ತ ಹೋದವನು ಮೊದಲ ದಿನವೇ ಮಹಡಿಯ ಮೆಟ್ಟಿಲಿನಲ್ಲಿ ಕಾಲು ಹೊರಳಿಸಿಕೊಂಡು ಕೂತೆ. ಪಾದ ಊದಿ ಚಪ್ಪಲಿಗೆ ತೂರುತ್ತಿರಲಿಲ್ಲ. ಕೋಲು ಹಿಡಿದು ಕೆಳಗಿನ ಮನೆಗಳನ್ನು ಹೇಗೋ ಮಾಡಬಹುದಿತ್ತು, ಇಪ್ಪತ್ತೆರಡನ್ನು ಹಾಗೇ ಮಾಡಿದೆ. ಮೇಲಿನ ಹತ್ತೊಂಬತ್ತು ಬಾಗಿಲು ಹಾಗೇ ಉಳಿದವು. ಆಫೀಸಿಗೆ ಹೇಳಿದರೆ ಆ ಬೀದಿಯನ್ನು ಬೇರೆಯವನಿಗೆ ಕೊಡುತ್ತಾರೆ, ಒಮ್ಮೆ ಹಾಗೆ ಹೋದ ಕೆಲಸ ಮತ್ತೆ ಕರೆಯುವುದಿಲ್ಲ. ನಿನ್ನಮ್ಮ ಹೇಳಿದಳು, ‘ನಾನು ಹೋಗಿ ಕೇಳ್ಕೊಂಡು ಬರ್ತೀನಿ, ಅದರಲ್ಲೇನಿದೆ, ದಿನಾ ನಲ್ಲಿ ಹತ್ತಿರ ನೋಡೋ ಮುಖಗಳು.’ ಇಲ್ಲಿ ಕೇಳು ನಿನ್ನಪ್ಪನ ಬುದ್ಧಿಯನ್ನು. ನಾನು ಒಪ್ಪಲಿಲ್ಲ. ತರಬೇತಿ ಪಡೆದವರಲ್ಲದೆ ಬೇರೆಯವರು ಪ್ರಶ್ನೆ ಕೇಳಕೂಡದು ಎಂದು ನಿಯಮಪುಸ್ತಕದ ನಾಲ್ಕನೇ ಪುಟದಲ್ಲಿತ್ತು. ‘ನಿನ್ನ ಹತ್ತಿರ ಗುರುತಿನ ಚೀಟಿ ಇಲ್ಲವಲ್ಲ’ ಎಂದೆ, ಆ ವಠಾರದ ಒಂದೊಂದು ಹೆಂಗಸಿನ ಕೊಡ ಯಾವುದು, ಬಿಂದಿಗೆ ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲವಳಿಗೆ. ನಿಯಮ ಮುರಿಯಬಾರದೆಂದು ಅವಳನ್ನು ಕಳಿಸಲಿಲ್ಲ. ಕಳಿಸದೆ ಏನು ಮಾಡಿದೆ? ‘ಅವರ ಬದಲು ನೀನೇ ಹೇಳಿಬಿಡು, ಬರೆದುಕೊಳ್ಳುತ್ತೇನೆ’ ಎಂದೆ. ಸಣ್ಣ ನಿಯಮವನ್ನು ಕಾಪಾಡಲು ಹೋಗಿ ದೊಡ್ಡದನ್ನು ಹೂತುಹಾಕುವುದು ನಮ್ಮ ವೃತ್ತಿಯವರಿಗೆ ಮಾತ್ರ ಸಾಧ್ಯ. ಅವಳಿಗೂ ಅದು ಸರಿ ಕಾಣಲಿಲ್ಲ, ನನ್ನ ಪಾದ ನೋಡಿ ಮೇಜಿನ ಎದುರು ಬಂದು ಕೂತಳು.

ನಿನಗಾಗ ಏಳು ವರ್ಷ. ಸಂಜೆ ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದೆ. ‘ಅಮ್ಮ ಬೇರೆ ಬೇರೆ ಹೆಂಗಸರಾಗೋ ಆಟ’ ಎಂದು ಇವತ್ತಿಗೂ ನೀನು ನೆನೆಸಿಕೊಂಡು ನಗುತ್ತೀಯಲ್ಲ, ಅದು ಆಟವಲ್ಲ, ಮರೀ, ಅದೇ ಆ ಹತ್ತೊಂಬತ್ತು ಫಾರಂ. ಮೂರನೇ ಅಂತಸ್ತಿನ ದರ್ಜಿಯ ಹೆಂಡತಿಯಾದರೆ ಪ್ರತಿ ಮಾತಿನ ಕೊನೆಯನ್ನು ನುಂಗುವಳು. ಆಸ್ಪತ್ರೆಯ ಆಯಾ ಆದರೆ ಸೊಂಟಕ್ಕೆ ಕೈಯಿಟ್ಟು, ‘ಬೇಗ ಕೇಳಿ ಸ್ವಾಮಿ, ನನಗೆ ಪಾಳಿ ಇದೆ’ ಎನ್ನುವಳು. ನಾನು ‘ಯಾವ ಸೋಪು’ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತಿರಲಿಲ್ಲ. ಅತ್ತೆ ಬದುಕಿದ್ದಾಳಾ, ಮನೇಲಿ ಸ್ನಾನ ಮಾಡೋರು ಎಷ್ಟು ಜನ, ಅಂಗಡಿಗೆ ಹೋಗೋದು ಇವಳಾ ಗಂಡನಾ ಎಂದು ತನ್ನನ್ನು ತಾನೇ ಕೇಳಿಕೊಂಡು, ನಲ್ಲಿಯ ಹತ್ತಿರ ಕೇಳಿದ್ದು ನೋಡಿದ್ದನ್ನೆಲ್ಲ ಕೂಡಿಸಿ, ಆಮೇಲೆ ಆ ಹೆಂಗಸಾಗಿ ಬಾಯಿ ತೆರೆಯುವಳು. ನಾನು ಅವಸರ ಮಾಡುತ್ತಿದ್ದೆ. ‘ಅದೆಲ್ಲ ಬಿಡು, ಅದರ್ ಥಿಂಗ್ಸ್ ಬೀಯಿಂಗ್ ಈಕ್ವಲ್, ಏನು ಕೊಳ್ಳುತ್ತಾಳೆ ಹೇಳು’ ಎನ್ನುತ್ತಿದ್ದೆ. ಕಾಲೇಜಿನ ಎರಡು ವರ್ಷದಲ್ಲಿ ಪೂರ್ತಿ ನೆನಪುಳಿದದ್ದು ನನಗೆ ಆ ಒಂದೇ ಮಾತು, ಎಲ್ಲಿ ಬೇಕಾದರೂ ಬಳಸುತ್ತಿದ್ದೆ. ಹಾಗೆಂದರೆ ಏನು ಎಂದು ಕೇಳಿದಳು. ಉಳಿದದ್ದೆಲ್ಲ ಹಾಗೇ ಇದ್ದರೆ ಎಂದು ಅರ್ಥ ಹೇಳಿದೆ. ‘ಉಳಿದದ್ದೆಲ್ಲ ಹಾಗೇ ಇತ್ತು ಅಂತ ಯಾವ ಮನೇಲಿ ನೋಡಿದ್ದೀರಿ ರೀ ನೀವು?’ ಎಂದಳು. ನನ್ನ ಮೇಷ್ಟರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಈಗ ನಿನ್ನ ಐದನೇ ಅಧ್ಯಾಯ. ಬಡವರು ಶಾಂಪೂವಿನ ಸಣ್ಣ ಪೊಟ್ಟಣವನ್ನೇ ಯಾಕೆ ಕೊಳ್ಳುತ್ತಾರೆ, ದೊಡ್ಡದು ಕೊಂಡರೆ ಉಳಿತಾಯವಲ್ಲವೇ ಎಂದು ಪಂಡಿತರು ಕೇಳುತ್ತಾರೆ, ಕೈಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಇರುವುದಿಲ್ಲ ಎಂದು ಅವರೇ ಉತ್ತರವನ್ನೂ ಹೇಳುತ್ತಾರೆ. ಇರಬಹುದು, ಆದರೆ ಅಷ್ಟೇ ಅಲ್ಲ ಎಂಬುದು ನಿನ್ನ ವಾದ. ದೊಡ್ಡದು ಮನೆಗೆ ಬಂದರೆ ಅದು ಎಲ್ಲರದ್ದಾಗುತ್ತದೆ, ಸಣ್ಣದಾದರೆ ಹೆಂಗಸು ತನ್ನ ಪಾಲನ್ನು ತಾನು ಕಾಯ್ದುಕೊಳ್ಳಬಹುದು ಎಂದು ಹದಿನೇಳನೇ ನಂಬರಿನ ಫಾರಂಗಳನ್ನು ತೋರಿಸಿ ಬರೆದಿದ್ದೀಯ. ಫೋನಿನಲ್ಲಿ ನೀನು ಓದಿದೆಯಲ್ಲ, ‘ದೊಡ್ಡ ಬಾಟ್ಲಿ ತಂದರೆ ಮನೇಲಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ, ಪೊಟ್ಟಣ ಆದರೆ ಸೆರಗಿನ ತುದೀಲಿ ಬರುತ್ತೆ’ ಎಂಬ ಸಾಲು. ಅದು ನಿನ್ನಮ್ಮನ ಮಾತು, ಆಯಾಳ ದನಿಯಲ್ಲಿ ಹೇಳಿದ್ದು. ಮೊದಲ ಸಂಜೆ ನಾನು ‘ಯಾಕೆ ಸಣ್ಣದು ಕೊಳ್ಳುತ್ತೀರಿ’ ಎಂದು ಫಾರಂನಲ್ಲಿದ್ದಂತೆ ಓದಿದೆ. ‘ಯಾಕೆ ಅಂತ ಕೇಳಿದರೆ ಯಾರು ಬಾಯಿ ಬಿಡ್ತಾರೆ, ತಪ್ಪು ಹುಡುಕೋಕೆ ಬಂದ ಹಾಗಿರುತ್ತೆ. ದೊಡ್ಡದು ತಂದರೆ ಯಾರ್ಯಾರು ಕೈ ಹಾಕ್ತಾರೆ ಅಂತ ಕೇಳಿ ನೋಡಿ’ ಎಂದಳು. ಮಾರನೇ ದಿನ ಕೋಲೂರಿಕೊಂಡು ಕೆಳಗಿನ ಮನೆಗಳಲ್ಲಿ ಹಾಗೇ ಕೇಳಿದೆ. ಅಬ್ಬ, ಆ ಹೆಂಗಸರಿಗೆ ಬಂದ ಮಾತು! ನಾದಿನಿ, ಮೈದುನ, ಪಕ್ಕದ ಮನೆಯಾಕೆ, ಗಂಡನ ಗೆಳೆಯರು ಎಲ್ಲರೂ ಆ ಬಾಟ್ಲಿಯಿಂದ ಹೊರಗೆ ಬಂದರು. ಹನ್ನೊಂದು ಗಂಟೆಗೆ ಹೋದವನು ಒಂದು ಗಂಟೆಯಾದರೂ ಎರಡು ಮನೆ ದಾಟಿರಲಿಲ್ಲ. ಆದ್ದರಿಂದ ನಿಜವಾದ ಇಪ್ಪತ್ತೆರಡರಲ್ಲೂ ಆ ಮಾತು ಇದೆ. ಎಷ್ಟರಲ್ಲಿ ಎಂದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಯಾವ ಸಾಲು ಬಾಗಿಲಲ್ಲಿ ಕೇಳಿದ್ದು, ಯಾವುದು ಅಡುಗೆಮನೆಯಲ್ಲಿ ಕೇಳಿದ್ದು ಎಂದು ಈಗ ನನ್ನ ಕಿವಿಯಲ್ಲಿ ಬೆರೆತುಹೋಗಿದೆ.

ನಮ್ಮ ಮೇಲ್ವಿಚಾರಕರಿಗೆ ಕೆಂಪು ಪೆನ್ನು ಎಂದೇ ಹೆಸರು. ತಪ್ಪು ಸಿಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ತುಂಬಿದ ಫಾರಂಗಳಲ್ಲಿ ನಾಲ್ಕನ್ನು ಹೆಕ್ಕಿ, ಅದೇ ಮನೆಗಳಿಗೆ ತಾವೇ ಹೋಗಿ ಪರೀಕ್ಷಿಸುವರು. ಆ ಸಲ ಅವರು ಹೆಕ್ಕಿದ ನಾಲ್ಕರಲ್ಲಿ ಎರಡು ಮೇಲಿನವು. ವಾಪಸು ಬಂದವರು ನನ್ನ ಬೆನ್ನು ತಟ್ಟಿದರು. ದರ್ಜಿಯ ಹೆಂಡತಿಗೆ ಫಾರಂ ಓದಿ ಹೇಳಿದರೆ, ‘ಹೌದು, ನನ್ನದೇ ಮಾತು, ಯಾವಾಗ ಹೇಳಿದೆನೋ ನೆನಪಿಲ್ಲ’ ಎಂದಳಂತೆ. ಆ ವರ್ಷದ ಒಳ್ಳೆಯ ಕೆಲಸಕ್ಕೆಂದು ಆಫೀಸಿನವರು ಗೋಡೆ ಗಡಿಯಾರ ಕೊಟ್ಟರು. ನೀನು ಗಂಟೆ ನೋಡಲು ಕಲಿತದ್ದು ಅದರಲ್ಲೇ. ಅದು ಈಗಲೂ ನನ್ನ ಎದುರು ಇದೆ, ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ. ಗಡಿಯಾರ ಮನೆಗೆ ತಂದ ದಿನ ನಿನ್ನಮ್ಮ ಅದನ್ನು ಮೊಳೆಗೆ ತೂಗುಹಾಕಿ, ‘ನಂದು ನನಗೆ ಬಂತು’ ಎಂದಷ್ಟೇ ಹೇಳಿ ಒಳಗೆ ಹೋದಳು.

ರಾತ್ರಿಯೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನಿದ್ದೆ ಬಂತು, ಬೆಳಿಗ್ಗೆ ಯೋಚಿಸಿದೆ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕೆಂಪು ಪೆನ್ನು ತೀರಿಕೊಂಡರು. ನಿನ್ನ ಅಧ್ಯಾಯ ಉಳಿಯುತ್ತದೆ, ಹೆಸರು ಬರುತ್ತದೆ, ಮುನ್ನುಡಿಯಲ್ಲಿ ನನ್ನ ಹೆಸರೂ ಬರುತ್ತದೆ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಈ ವಾದ ನನಗೆ ಬಹಳ ಸರಿಯಾಗಿಯೇ ಕಂಡಿತು. ಆಮೇಲೆ ನೀನು ಫೋನಿನಲ್ಲಿ ಹೇಳಿದ್ದು ನೆನಪಾಯಿತು, ‘ಅಪ್ಪಾ, ನಲವತ್ತೊಂದು ಜನ ಹೆಂಗಸರನ್ನು ಮೊದಲ ಸಲ ಯಾರೋ ಕೂತು ಕೇಳಿಸಿಕೊಂಡಿದ್ದಾರೆ’ ಎಂದೆ. ಹತ್ತೊಂಬತ್ತು ಜನರನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಮರೀ. ಅವರು ಮನೆಯಲ್ಲೇ ಇದ್ದರು, ಬಾಗಿಲೂ ತೆರೆದಿತ್ತು. ನಿನ್ನಮ್ಮ ಅವರನ್ನು ಎಷ್ಟೇ ಬಲ್ಲವಳಾಗಿರಲಿ, ಅವರಿಗೆ ಹೇಳುವುದು ಬೇರೇನಾದರೂ ಇದ್ದಿರಬಹುದು. ಅದನ್ನು ತಿಳಿಯುವ ದಾರಿ ಈಗ ಇಲ್ಲ. ನಿನ್ನ ವಾದ ನಿಜವೆಂದೇ ನನಗೆ ಅನ್ನಿಸುತ್ತದೆ, ಆದರೆ ನನಗೆ ಅನ್ನಿಸಿದ್ದನ್ನು ಎಣಿಕೆಗೆ ಸೇರಿಸಿದ್ದರಿಂದಲೇ ಇಷ್ಟೆಲ್ಲ ಆಗಿರುವುದು.

ಹಾಗಾದರೆ ಆ ಹತ್ತೊಂಬತ್ತನ್ನು ತೆಗೆದುಹಾಕು, ಉಳಿದ ಇಪ್ಪತ್ತೆರಡರ ಮೇಲೆ ನಿಲ್ಲುವಷ್ಟು ನಿಲ್ಲಲಿ ಎನ್ನೋಣವೆಂದರೆ, ಯಾವ ಹತ್ತೊಂಬತ್ತು? ಕಾಗದವಿದ್ದಿದ್ದರೆ ಎಣ್ಣೆಯ ಕಲೆ, ನಿನ್ನ ಬಣ್ಣದ ಕಡ್ಡಿಯ ಗೀರು ನೋಡಿ ಹೇಳಿಬಿಡುತ್ತಿದ್ದೆ. ಅಂಕಿಗಳಿಗೆ ಕಲೆ ಅಂಟುವುದಿಲ್ಲ. ಆಫೀಸಿನಲ್ಲಿ ಎಲ್ಲವನ್ನೂ ಕಲೆಸಿ ಹೊಸ ಕ್ರಮಸಂಖ್ಯೆ ಕೊಡುತ್ತಿದ್ದರು, ಅಂತಸ್ತು ಬರೆಯುವ ಕಾಲಂ ಇರಲೇ ಇಲ್ಲ. ಬೇರ್ಪಡಿಸಲಾಗದಿದ್ದರೆ ನಲವತ್ತೊಂದನ್ನೂ ಬಿಡಬೇಕು, ಜೊತೆಗೆ ಅಧ್ಯಾಯವನ್ನೂ ಬಿಡಬೇಕು, ಇಪ್ಪತ್ತೈದನೇ ತಾರೀಕು ಕೈತಪ್ಪುತ್ತದೆ. ಇದನ್ನೆಲ್ಲ ಬಲ್ಲೆ. ನಾಲ್ಕು ವರ್ಷದ ನಿನ್ನ ಕೆಲಸಕ್ಕೆ ನಾನು ಮೂವತ್ತೆರಡು ವರ್ಷ ಮೊದಲೇ ಕಲ್ಲು ಹಾಕಿಟ್ಟಿದ್ದೆ. ಬೈಯುವುದಿದ್ದರೆ ಫೋನಿನಲ್ಲೇ ಬೈ, ಈ ಸಲ ಹಾಲು ಉಕ್ಕಿಸುವುದಿಲ್ಲ. ಗೈಡಿಗೆ ಹೇಳಬೇಕಾಗಿ ಬಂದರೆ ಮುಚ್ಚುಮರೆ ಬೇಡ, ನನ್ನಪ್ಪ ಹೀಗೆ ಮಾಡಿದ ಎಂದು ನೇರವಾಗಿಯೇ ಹೇಳು. ಬೇಕೆಂದರೆ ನಾನೇ ಬಂದು

ಅಕ್ಷರದ ಮೇಲೆ ಅಕ್ಷರ ಕೂರುತ್ತಿದೆ, ಕನ್ನಡಕದ ತಪ್ಪೆಂದುಕೊಂಡೆ. ಅಲ್ಲ, ಬೆಳಕು ಹೋಗುತ್ತಿದೆ. ಎದುರಿನ ಗೋಡೆಯ ಮೇಲಿದ್ದ ಬಿಸಿಲು ಯಾವಾಗ ಇಳಿದುಹೋಯಿತೋ ಗಮನಿಸಲೇ ಇಲ್ಲ. ದೀಪ ಹಾಕಿ ಬರೆಯಬಹುದು, ಆದರೆ ದೀಪ ಹಾಕಿದರೆ ಮತ್ತೊಮ್ಮೆ ಓದುತ್ತೇನೆ, ಓದಿದರೆ ಹರಿದುಹಾಕುತ್ತೇನೆ. ಇಲ್ಲಿಗೇ ನಿಲ್ಲಿಸುತ್ತೇನೆ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿನ್ನ ಕುತ್ತಿಗೆ ನೆಟ್ಟಗಾಗಲಿ, ತಲೆ ಎಂದಿನಂತೆ ಎತ್ತಿಯೇ ಇರಲಿ ಎಂದು ಹಾರೈಸುತ್ತೇನೆ.

ಇಂತು ನಿನ್ನ ಅಪ್ಪ,
ಹದಿನೇಳನೇ ನಂಬರು

ಗುರುವಾರ ಬೆಳಿಗ್ಗೆ, ಅವಸರದಲ್ಲಿ: ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಔಷಧಿ ಅಂಗಡಿಯ ಕಟ್ಟೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಇವತ್ತು ಅವಳ ಕಾಟಕ್ಕೆ ಸೋತು ಕಾರ್ಡು ಮಾಡಿಸಿಕೊಂಡೆ. ವಯಸ್ಸು ಕೇಳಿದಳು, ಎಪ್ಪತ್ತಮೂರು ಎಂದೆ. ‘ಎಪ್ಪತ್ತಮೂರು ಅಂತ ಯಾರು ಹೇಳ್ತಾರೆ ಅಜ್ಜ, ಎಪ್ಪತ್ತೈದು ಹಾಕ್ತೀನಿ’ ಎಂದಳು. ತಕ್ಷಣ ಹೊಳೆಯಿತು. ಮೊದಲ ಸಂಜೆ, ಮೊದಲ ಪ್ರಶ್ನೆಯಲ್ಲೇ ನಿನ್ನಮ್ಮ ನನ್ನ ಪೆನ್ನು ಹಿಡಿದು ನಿಲ್ಲಿಸಿದ್ದಳು. ‘ಮಿಕ್ಕಿದ್ದೆಲ್ಲ ಅವರದು ಬರ್ಕೊಳ್ಳಿ, ವಯಸ್ಸು ಮಾತ್ರ ನಂದೇ ಹಾಕಿ. ಒಂದಾದರೂ ನಿಜ ಇರಲಿ’ ಎಂದಿದ್ದಳು. ಬೇರೆ ಹೆಂಗಸರು ವಯಸ್ಸೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜ ಹೇಳಿದರು, ಇವಳು ವಯಸ್ಸೊಂದನ್ನೇ ನಿಜ ಹೇಳಿದಳು. ಅವಳಿಗಾಗ ಮೂವತ್ತನಾಲ್ಕು. ಹದಿನೇಳನೇ ನಂಬರಿನಲ್ಲಿ ಮೂವತ್ತನಾಲ್ಕು ಇರುವುದನ್ನೆಲ್ಲ ತೆಗೆ. ಸರಿಯಾಗಿ ಹತ್ತೊಂಬತ್ತು ಬರಬೇಕು. ಉಳಿದ ಇಪ್ಪತ್ತೆರಡೂ ನಾನು ಕೋಲೂರಿಕೊಂಡು ಹೋಗಿ ತಟ್ಟಿದ ಬಾಗಿಲುಗಳು.

ಯಾವ ಬಾಗಿಲೂ ತಟ್ಟಲಿಲ್ಲ ಎಂದು ಮೇಲೆ ಬರೆದದ್ದು ತಪ್ಪು, ಒಂದನ್ನು ತಟ್ಟಿದೆ. ಹದಿನೆಂಟು ಮುಗಿದ ಮೇಲೆ ಅವಳು, ‘ಬೇರೆಯವರಾಗಿ ಸಾಕಾಯ್ತು, ಕೊನೇದರಲ್ಲಿ ನನ್ನನ್ನೇ ಕೇಳಿ’ ಎಂದಳು. ಸ್ವಂತ ಮನೆಯನ್ನು ಕೇಳಕೂಡದೆಂದು ನಿಯಮ, ಆ ಹೊತ್ತಿಗೆ ನನಗೆ ನಿಯಮದ ಹೆಸರೆತ್ತುವ ಮುಖವಿರಲಿಲ್ಲ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಕುಂಟುತ್ತ ಹೋಗಿ ತಟ್ಟಿದೆ, ಬಂದು ತೆರೆದು, ‘ಏನು ಬೇಕಿತ್ತು’ ಎಂದಳು. ಆ ಹತ್ತೊಂಬತ್ತರಲ್ಲಿ ‘ಸದಸ್ಯರು ಮೂರು, ಮಕ್ಕಳು ಒಂದು, ಹೆಣ್ಣು, ಏಳು ವರ್ಷ’ ಎಂದಿರುವುದು ಒಂದೇ ಇರುತ್ತದೆ. ಥೀಸಿಸ್ಸಿನಿಂದ ಅದನ್ನೂ ತೆಗೆ, ಆದರೆ ತೆಗೆಯುವ ಮೊದಲು ಹದಿನಾಲ್ಕನೇ ಪ್ರಶ್ನೆಯ ಉತ್ತರ ನೋಡು. ಹೆಸರಿನ ಬದಲು ಸಂಖ್ಯೆ ಇರುತ್ತದೆ, ಯಾವ ಸಂಖ್ಯೆ ಯಾವ ಸೋಪು ಎಂಬ ಪಟ್ಟಿ ನಿನ್ನ ಹತ್ತಿರವಿದೆ. ಅವಳು ಒಲೆಯ ಕಡೆ ನೋಡಿಕೊಂಡು ಒಂದು ಹೆಸರು ಹೇಳಿದಳು. ನಾನು ಬರೆದುಕೊಂಡೆ, ನಿಯಮದ ಪ್ರಕಾರ ಮತ್ತೊಮ್ಮೆ ಓದಿ ಹೇಳಿದೆ, ಫಾರಂ ಮಡಚಿ ಆಫೀಸಿಗೆ ಕೊಟ್ಟೆ, ಆ ವಾರವೂ ಮನೆಗೆ ಬಿಳಿ ಕಾಗದದ ಸೋಪನ್ನೇ ತಂದೆ. ಯಾವ ಹೆಸರು ಹೇಳಿದಳು ಎಂದು ನನಗೆ ನೆನಪಿಲ್ಲ. ನೋಡಿ ತಿಳಿಸು. ಈಗಲೂ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳುತ್ತೇನೆ.